ಕ್ರೈಸ್ತಸಭೆಯ ವಿಶ್ವಾಸಪ್ರಮಾಣ: ಶರಣಮಾರ್ಗಿಯ ಒಂದು ಅಧ್ಯಯನ

ನಮ್ಮ ಪಾಠಶಾಲೆಯ ವಚನ ತರಗತಿಯಲ್ಲಿ ಅಷ್ಟಾವರಣದ ಪಾಠ ನಡೆದಿದ್ದಿತು. ಗುರು, ಲಿಂಗ, ಜಂಗಮಗಳು ಮೂರಾಗಿ ತೋರಿದರೂ ತತ್ತ್ವತಃ ಒಂದೇ ಎಂಬ ವಿಷಯವನ್ನು ವಿವರಿಸುತ್ತಿದ್ದೆನು. ಆಗ ಹಿಂದಿನ ಸಾಲಿನ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, “ಗುರುಗಳೆ, ಕ್ರೈಸ್ತರು ತಂದೆ, ಮಗ, ಪವಿತ್ರಾತ್ಮ ಎಂದು ಮೂವರನ್ನು ಹೇಳಿ ದೇವರು ಒಬ್ಬನೇ ಎನ್ನುತ್ತಾರಲ್ಲ. ಅದೂ ಇದೂ ಒಂದೆಯಲ್ಲವೆ?” ಎಂದು ಕೇಳಿದನು. “ಅಹುದು ತಮ್ಮಾ, ಎಲ್ಲ ಮತಗಳ ಸಾರವೂ ಒಂದೆ” ಎಂಬ ಉತ್ತರವು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಇಂತಹ ಉತ್ತರದಿಂದ ಹುಡುಗನಿಗೆ ಸಂತೋಷವಾಗುತ್ತದೆ, ಪಾಠವೂ ಮುಂದೆ ಸಾಗುತ್ತದೆ. ಆದರೆ ಆ ಕ್ಷಣದಲ್ಲಿಯೇ ನನಗೊಂದು ಸಂಕೋಚವುಂಟಾಯಿತು. ಸಿದ್ಧಾಂತಶಿಖಾಮಣಿಯನ್ನು ಮೂವತ್ತು ವರ್ಷ ಪಾಠ ಹೇಳಿದ ನಾನು ಕ್ರೈಸ್ತರ ವಿಶ್ವಾಸಪ್ರಮಾಣವನ್ನು ಒಮ್ಮೆಯಾದರೂ ಆದ್ಯಂತವಾಗಿ ಓದಿರಲಿಲ್ಲ. ಓದದ ಗ್ರಂಥಕ್ಕೆ ಸಾರ ಹೇಳುವುದು ಹೇಗೆ? “ಈ ಪ್ರಶ್ನೆಗೆ ಉತ್ತರವನ್ನು ತಿಳಿದುಕೊಂಡು ಬಂದು ಹೇಳುತ್ತೇನೆ” ಎಂದು ಹೇಳಿ ಅಂದಿನ ಪಾಠವನ್ನು ಮುಗಿಸಿದೆನು.

ನಮ್ಮೂರ ಕ್ರೈಸ್ತಸಭೆಯ ಹಿರಿಯರೊಬ್ಬರು ನಿವೃತ್ತ ಶಿಕ್ಷಕರು. ಅವರ ಮನೆಗೆ ಹೋಗಿ ಬಂದ ಕಾರಣವನ್ನು ತಿಳಿಸಿದೆನು. ಅವರು ನಕ್ಕು, “ಶಾಸ್ತ್ರಿಗಳೆ, ನಮ್ಮನ್ನು ಬೈಯುವವರು ಉಂಟು, ಹೊಗಳುವವರೂ ಉಂಟು. ಕೇಳಲು ಬಂದವರು ನೀವೇ” ಎಂದರು. ಆ ಮಾತು ನನ್ನ ಮನಸ್ಸಿಗೆ ನಾಟಿತು. ಮೂರು ವಾರಗಳ ಕಾಲ ಅವರಿಂದ ಕೇಳಿದುದನ್ನೂ ಅವರು ಕೊಟ್ಟ ಗ್ರಂಥಗಳಿಂದ ಓದಿದುದನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಪೂರ್ವಪಕ್ಷದ ಧರ್ಮ

ನಮ್ಮ ಶಾಸ್ತ್ರಪರಂಪರೆಯಲ್ಲಿ ಒಂದು ಉತ್ತಮವಾದ ಕಟ್ಟಳೆಯಿದೆ. ಸಿದ್ಧಾಂತವನ್ನು ಸ್ಥಾಪಿಸುವ ಮೊದಲು ಪೂರ್ವಪಕ್ಷವನ್ನು ಹೇಳಬೇಕು. ಅದನ್ನು ಹೇಳುವಾಗ ಪ್ರತಿವಾದಿಯು ತಲೆದೂಗಿ, “ಅಹುದು, ನನ್ನ ಅಭಿಪ್ರಾಯ ಇದೇ” ಎಂದು ಒಪ್ಪುವಂತಿರಬೇಕು. ಪೂರ್ವಪಕ್ಷವನ್ನು ವಿರೂಪಗೊಳಿಸಿ ಖಂಡಿಸುವುದು ಛಲವೆನಿಸುತ್ತದೆ. ಅದನ್ನು ವಿರೂಪಗೊಳಿಸಿ ಹೊಗಳುವುದು ಏನೆನಿಸುತ್ತದೆ ಎಂಬುದನ್ನು ಶಾಸ್ತ್ರಕಾರರು ಹೇಳಿದಂತೆ ಕಾಣದು. ಆದರೆ ಅದೂ ದೋಷವೇ ಸರಿ. ಪರರ ಮಾತಿನೊಳಗೆ ನಮ್ಮ ಮಾತನ್ನೇ ತುಂಬಿ, “ನೀವು ಹೇಳುವುದು ನಾವು ಹೇಳುವುದನ್ನೇ” ಎಂದರೆ ಅವರನ್ನು ಗೌರವಿಸಿದಂತಾಗಲಿಲ್ಲ. ಅವರ ಮಾತನ್ನು ಕೇಳಲೇ ಇಲ್ಲವೆಂದಾಯಿತು. ಆದುದರಿಂದ ಇಲ್ಲಿ ಮೊದಲು ಅವರ ಮತವನ್ನು ಅವರು ಹೇಳುವಂತೆಯೇ ನಿರೂಪಿಸಿ, ಬಳಿಕ ನಮ್ಮ ಮತದೊಡನೆ ಅದಕ್ಕಿರುವ ಸಾಮ್ಯವೈಷಮ್ಯಗಳನ್ನು ಪರಿಶೀಲಿಸೋಣ.

ಯಾವ ಸಭೆಯ ಮಾತು?

ಕ್ರೈಸ್ತರೆಲ್ಲರೂ ಒಂದೇ ಪಂಗಡದವರಲ್ಲ. ರೋಮಿನ ಪೋಪರನ್ನು ಮುಖ್ಯಸ್ಥರೆಂದು ಒಪ್ಪುವ ಕಥೋಲಿಕರು, ಪೂರ್ವದೇಶಗಳ ಆರ್ಥೊಡಾಕ್ಸ್ ಸಭೆಯವರು, ಹದಿನಾರನೆಯ ಶತಮಾನದ ಸುಧಾರಣೆಯಿಂದ ಹುಟ್ಟಿದ ಪ್ರಾಟೆಸ್ಟಂಟರು ಎಂದು ಮುಖ್ಯವಾಗಿ ಮೂರು ವಿಭಾಗಗಳಿವೆ. ಇಲ್ಲಿ ನಾನು ತೆಗೆದುಕೊಂಡಿರುವುದು ನಮ್ಮ ನಾಡಿನವರು ಸಿ.ಎಸ್.ಐ. ಎಂದು ಕರೆಯುವ ದಕ್ಷಿಣ ಭಾರತ ಸಭೆಯನ್ನು. ಸಭೆಯೆಂದರೆ ಅವರಲ್ಲಿ ಕಟ್ಟಡವಲ್ಲ, ವಿಶ್ವಾಸಿಗಳ ಸಮುದಾಯ. ೧೮೩೪ರಲ್ಲಿ ಮಂಗಳೂರಿಗೆ ಬಂದು, ಬಳಿಕ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿಯೂ ನೆಲೆಗೊಂಡ ಬಾಸೆಲ್ ಮಿಷನ್ನಿನವರಿಂದ ಹುಟ್ಟಿದ ಸಭೆಗಳು, ಕೆಲವು ಮೊದಲು ಕೆಲವು ತಡವಾಗಿ, ಇದರೊಳಗೆ ಸೇರಿದವು. ಇಂದು ಕರ್ನಾಟಕದಲ್ಲಿ ಈ ಸಭೆಗೆ ಬೆಂಗಳೂರು, ಮಂಗಳೂರು, ಧಾರವಾಡಗಳನ್ನು ಕೇಂದ್ರವಾಗಿ ಉಳ್ಳ ಮೂರು ಧರ್ಮಪ್ರಾಂತಗಳಿವೆ.

ಈ ಸಭೆಯ ಹುಟ್ಟಿನ ಕಥೆಯು ಸ್ವಾರಸ್ಯಕರವಾಗಿದೆ. ಬಿಷಪ್ಪರನ್ನುಳ್ಳ ಆಂಗ್ಲಿಕನ್ ಸಭೆ, ಮೆಥೊಡಿಸ್ಟ್ ಸಭೆ, ೧೯೦೮ರಲ್ಲಿಯೇ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಪಂಗಡಗಳು ಕೂಡಿ ಆಗಿದ್ದ ದಕ್ಷಿಣ ಭಾರತದ ಐಕ್ಯಸಭೆ, ಇವು ಒಂದರ ಪ್ರಭುಭೋಜನದಲ್ಲಿ ಇನ್ನೊಂದು ಸುಲಭವಾಗಿ ಕುಳಿತುಕೊಳ್ಳದಷ್ಟು ಬೇರೆಯಾಗಿದ್ದವು. ೧೯೧೯ರಲ್ಲಿ ತರಂಗಂಬಾಡಿಯಲ್ಲಿ ಸೇರಿದ ಕೆಲವು ಸಭಾಪಾಲಕರು, ಪರದೇಶದ ಜಗಳಗಳಿಂದ ಹುಟ್ಟಿದ ಈ ಭೇದಗಳನ್ನು ನಾವೇಕೆ ಹೊತ್ತು ತಿರುಗಬೇಕೆಂದು ಪ್ರಶ್ನಿಸಿಕೊಂಡರು. ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ಪರಾದ ದೋರ್ನಕಲ್ಲಿನ ಅಜರಯ್ಯನವರು ಅವರಲ್ಲಿ ಪ್ರಮುಖರು. ಮಾತುಕತೆಯು ಇಪ್ಪತ್ತೆಂಟು ವರ್ಷ ನಡೆಯಿತು. ಅಜರಯ್ಯನವರು ೧೯೪೫ರಲ್ಲಿ ತೀರಿಕೊಂಡರು. ತಾವು ಬಿತ್ತಿದ್ದರ ಫಲವನ್ನು ಅವರು ಕಾಣಲಿಲ್ಲ. ದೇಶವು ಸ್ವತಂತ್ರವಾದ ಮರುತಿಂಗಳು, ೧೯೪೭ನೆಯ ಸೆಪ್ಟೆಂಬರ್ ೨೭ರಂದು, ಮದರಾಸಿನ ಸಂತ ಜಾರ್ಜರ ದೇವಾಲಯದಲ್ಲಿ ಮೂರೂ ಸಭೆಗಳು ಒಂದಾದವು.

ಒಂದಾಗುವಾಗ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂಬ ವಿಚಾರವು ಬರಲೇಬೇಕಷ್ಟೆ. ಬಿಡಲಾಗದವೆಂದು ಅವರು ನಾಲ್ಕನ್ನು ನಿಶ್ಚಯಿಸಿದರು. ಮೊದಲನೆಯದು, ಮೋಕ್ಷಕ್ಕೆ ಬೇಕಾದುದೆಲ್ಲವನ್ನೂ ಒಳಗೊಂಡ ಶಾಸ್ತ್ರವಾಗಿ ಸತ್ಯವೇದ, ಎಂದರೆ ಬೈಬಲ್ಲು. ಎರಡನೆಯದು, ಅಪೊಸ್ತಲರ ವಿಶ್ವಾಸಪ್ರಮಾಣ ಮತ್ತು ನೈಸಿಯದ ವಿಶ್ವಾಸಪ್ರಮಾಣಗಳೆಂಬ ಎರಡು ಪ್ರಾಚೀನ ಸಂಗ್ರಹಗಳು. ಮೂರನೆಯದು, ಕ್ರಿಸ್ತನೇ ವಿಧಿಸಿದನೆಂದು ಅವರು ನಂಬುವ ದೀಕ್ಷಾಸ್ನಾನ ಮತ್ತು ಪ್ರಭುಭೋಜನಗಳೆಂಬ ಎರಡು ಸಂಸ್ಕಾರಗಳು. ನಾಲ್ಕನೆಯದು, ಪರಂಪರಾಗತವಾದ ಬಿಷಪ್ಪರ ಸೇವಾಪದವಿ. ಈ ಕೊನೆಯದರ ವಿಷಯದಲ್ಲಿ ಪದವಿಯನ್ನು ಒಪ್ಪಿದರೂ ಅದರ ಬಗೆಗೆ ಇಂತಹುದೇ ವ್ಯಾಖ್ಯಾನವನ್ನು ಎಲ್ಲರೂ ಒಪ್ಪಬೇಕೆಂದು ಕಟ್ಟುಮಾಡಲಿಲ್ಲ. ಮೂಲದಲ್ಲಿ ಬಿಗಿ, ವ್ಯಾಖ್ಯಾನದಲ್ಲಿ ಸಡಿಲು. ಈ ವಿವೇಕವು ಗಮನಾರ್ಹವಾದುದು.

ತ್ರಿಯೇಕದೇವರು

ವಿದ್ಯಾರ್ಥಿಯ ಪ್ರಶ್ನೆಗೆ ಸಂಬಂಧಿಸಿದ ವಿಷಯವು ನೈಸಿಯದ ಪ್ರಮಾಣದಲ್ಲಿದೆ. ನೈಸಿಯವು ಇಂದಿನ ತುರ್ಕಿ ದೇಶದಲ್ಲಿರುವ ಇಜ್ನಿಕ್ ಎಂಬ ಊರು. ಅಲೆಕ್ಸಾಂಡ್ರಿಯ ನಗರದ ಅರಿಯನೆಂಬ ಪುರೋಹಿತನು, ಮಗನು ತಂದೆಯಿಂದ ಸೃಷ್ಟಿಸಲ್ಪಟ್ಟವನು, ಸೃಷ್ಟಿಗಳಲ್ಲೆಲ್ಲ ಶ್ರೇಷ್ಠನಾದರೂ ಸ್ವತಃ ಪರಮದೇವನಲ್ಲ ಎಂದು ಬೋಧಿಸಿದನು. ವಿವಾದವು ಬೆಳೆದು ರೋಮನ್ ಸಾಮ್ರಾಜ್ಯದ ಶಾಂತಿಯೇ ಕದಡಿತು. ಚಕ್ರವರ್ತಿ ಕಾನ್‌ಸ್ಟಂಟೈನನು ಕ್ರಿ.ಶ. ೩೨೫ರಲ್ಲಿ ಬಿಷಪ್ಪರನ್ನು ನೈಸಿಯದಲ್ಲಿ ಸೇರಿಸಿದನು. ಮಗನು ತಂದೆಯೊಡನೆ ಏಕತತ್ತ್ವನು, ಸೃಷ್ಟಿಸಲ್ಪಟ್ಟವನಲ್ಲ ಎಂದು ಆ ಪರಿಷತ್ತು ನಿರ್ಣಯಿಸಿತು. ಆ ನಿರ್ಣಯಕ್ಕಾಗಿ ಅಥನಾಸಿಯನೆಂಬ ಬಿಷಪ್ಪನು ಐದು ಸಾರಿ ದೇಶಭ್ರಷ್ಟನಾಗಬೇಕಾಯಿತು. ೩೮೧ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಸೇರಿದ ಪರಿಷತ್ತಿಗೆ ಸಂಬಂಧಿಸಿದ ವಿಸ್ತೃತ ಪಾಠವನ್ನೇ ಇಂದು ಸಭೆಗಳಲ್ಲಿ ನೈಸಿಯದ ಪ್ರಮಾಣವೆಂದು ಪಠಿಸುತ್ತಾರೆ.

ಹಾಗಾದರೆ ಮೂವರು ದೇವರೆ? ಅಲ್ಲ. ದೇವತತ್ತ್ವವು ಒಂದೇ. ಒಬ್ಬನೇ ದೇವರು ಮೂರು ವೇಷಗಳನ್ನು ಧರಿಸುವನೆ? ಅದೂ ಅಲ್ಲ. ತಂದೆಯು ಮಗನಲ್ಲ, ಮಗನು ಪವಿತ್ರಾತ್ಮನಲ್ಲ; ಆದರೆ ಮೂವರೂ ಪೂರ್ಣವಾಗಿ ಒಬ್ಬನೇ ದೇವರು. ಲೋಕವು ಹುಟ್ಟುವ ಮೊದಲೇ, ನೋಡುವ ಭಕ್ತನು ಇಲ್ಲದಿದ್ದಾಗಲೇ, ದೇವರು ತನ್ನೊಳಗೆ ಹೀಗೆ ಇದ್ದಾನೆ. ಅವರ ಹಿರಿಯರು ಇದನ್ನು ಬಿಡಿಸಿ ಹೇಳುತ್ತ, “ದೇವರು ಪ್ರೀತಿಸ್ವರೂಪನೆಂಬುದು ನಮ್ಮ ನಂಬಿಕೆ. ಪ್ರೀತಿಗೆ ಇನ್ನೊಬ್ಬರು ಬೇಕು. ಲೋಕವನ್ನು ಸೃಷ್ಟಿಸಿದ ಮೇಲೆ ಪ್ರೀತಿಸಲು ಕಲಿತವನಲ್ಲ ನಮ್ಮ ದೇವರು” ಎಂದರು.

ಇಲ್ಲಿ ನನ್ನ ಕಣ್ಣು ತೆರೆಯಿತು. ಒಬ್ಬನೇ ದೇವರು ಮೂರು ರೂಪಗಳಲ್ಲಿ ತೋರುತ್ತಾನೆ ಎಂದು ನಾನು ತರಗತಿಯಲ್ಲಿ ಹೇಳಲಿದ್ದೆನಷ್ಟೆ. ಮೂರನೆಯ ಶತಮಾನದಲ್ಲಿ ಸಬೆಲ್ಲಿಯನೆಂಬವನು ಹೆಚ್ಚುಕಡಮೆ ಅದನ್ನೇ ಹೇಳಿದನೆಂದೂ ಸಭೆಯು ಅದನ್ನು ತಪ್ಪೆಂದು ತಳ್ಳಿಬಿಟ್ಟಿತೆಂದೂ ತಿಳಿಯಿತು. ಎಂದರೆ, ಅವರನ್ನು ಮೆಚ್ಚಿಸಲೆಂದು ನಾನು ಹೇಳಲಿದ್ದ ಮಾತು ಅವರು ಸಾವಿರದೇಳುನೂರು ವರ್ಷಗಳಿಂದ ಒಪ್ಪದಿರುವ ಮಾತು!

ನಮ್ಮ ಗುರು, ಲಿಂಗ, ಜಂಗಮಗಳ ನಿಲವು ಬೇರೆ. ಒಂದೇ ಪರಶಿವತತ್ತ್ವವು ಭಕ್ತನನ್ನು ಉದ್ಧರಿಸಲು ದೀಕ್ಷೆಯನ್ನೀಯುವ ಗುರುವಾಗಿ, ಕರಸ್ಥಲಕ್ಕೆ ಬಂದ ಲಿಂಗವಾಗಿ, ಮನೆಯ ಬಾಗಿಲಿಗೆ ಬರುವ ಜಂಗಮವಾಗಿ ಎದುರಾಗುತ್ತದೆ. ಇವು ಭಕ್ತನು ಶಿವನನ್ನು ಕಾಣುವ ಮೂರು ಎಡೆಗಳು. ಗುರುವಿಗೆ ತನುವನ್ನೂ ಲಿಂಗಕ್ಕೆ ಮನವನ್ನೂ ಜಂಗಮಕ್ಕೆ ಧನವನ್ನೂ ಅರ್ಪಿಸುವ ಕ್ರಮವು ಇದರಿಂದಲೇ ಹುಟ್ಟಿದುದು. ಅವರ ತ್ರಿಯೇಕವು ದೇವರ ಅಂತರಂಗದ ವಿಚಾರ. ನಮ್ಮ ತ್ರಿವಿಧವು ಭಕ್ತನ ಸಾಧನೆಯ ವಿಚಾರ. ಸಂಖ್ಯೆಯೊಂದೇ ಸಮಾನ.

ಸೃಷ್ಟಿ ಮತ್ತು ಜೀವ

ವಿಶ್ವಾಸಪ್ರಮಾಣದ ಮೊದಲ ಅಂಶವು ದೇವರು ಕಾಣುವ, ಕಾಣದ ಸಮಸ್ತವನ್ನೂ ಉಂಟುಮಾಡಿದನೆಂದು ಸಾರುತ್ತದೆ. ಯಾವುದರಿಂದ ಉಂಟುಮಾಡಿದನು? ಕ್ರೈಸ್ತರ ಉತ್ತರ: ಏನೂ ಇಲ್ಲದುದರಿಂದ, ತನ್ನ ಸಂಕಲ್ಪಮಾತ್ರದಿಂದ. ಮಡಕೆಗೆ ಮಣ್ಣಿದ್ದಂತೆ ಲೋಕಕ್ಕೆ ಉಪಾದಾನಕಾರಣವಿಲ್ಲ. ಲೋಕವು ಒಳ್ಳೆಯದು, ಆದರೆ ಅದು ದೇವರ ಅಂಶವಲ್ಲ. ಮನುಷ್ಯನು ದೇವರ ಹೋಲಿಕೆಯಲ್ಲಿ ಮಾಡಲ್ಪಟ್ಟವನು, ದೇವರ ಸಮೀಪಕ್ಕೆ ಕರೆಯಲ್ಪಟ್ಟವನು. ಆದರೂ ಎಂದೆಂದಿಗೂ ಸೃಷ್ಟಿಯೇ ಆಗಿ ಉಳಿಯುತ್ತಾನೆ.

ಶಕ್ತಿವಿಶಿಷ್ಟಾದ್ವೈತವು ಇದನ್ನು ಒಪ್ಪಲಾರದು. ನಮ್ಮಲ್ಲಿ ಶಿವನೇ ತನ್ನ ಶಕ್ತಿಯ ವಿಕಾಸದಿಂದ ಮೂವತ್ತಾರು ತತ್ತ್ವಗಳ ವಿಶ್ವವಾಗುತ್ತಾನೆ. ಜೀವನು ಶಿವಾಂಶನು. ಮಲತ್ರಯದಿಂದ ಮುಚ್ಚಿಹೋಗಿರುವ ಆ ಶಿವತ್ವವು ದೀಕ್ಷೆಯಿಂದ ತೆರೆದು, ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಆರು ಮೆಟ್ಟಿಲುಗಳನ್ನು ಏರಿ, ಅಂಗವು ಲಿಂಗದಲ್ಲಿ ಸಮರಸವಾಗುತ್ತದೆ. ಇಲ್ಲಿ ಎರಡು ಮತಗಳೂ ಸ್ಪಷ್ಟವಾಗಿ ಬೇರೆಬೇರೆ ದಾರಿ ಹಿಡಿಯುತ್ತವೆ. ನಾವು ಗುರಿಯೆನ್ನುವ ಸಾಮರಸ್ಯವು ಅವರಿಗೆ ಸೃಷ್ಟಿಕರ್ತನ ಮರ್ಯಾದೆಯನ್ನು ಮೀರಿದಂತೆ ಕಾಣುತ್ತದೆ. ಅವರು ಗುರಿಯೆನ್ನುವ ನಿತ್ಯಸಹವಾಸವು ನಮಗೆ ಇನ್ನೂ ಒಂದು ಮೆಟ್ಟಿಲು ಉಳಿದಂತೆ ಕಾಣುತ್ತದೆ. ಈ ಭೇದವನ್ನು ಮುಚ್ಚಿಟ್ಟು ಸ್ನೇಹ ಬೆಳೆಸಬೇಕಾಗಿಲ್ಲ.

ಯೇಸುವಿನ ಅವತರಣ

ನಿತ್ಯನಾದ ಮಗನು ಕನ್ಯೆಯಾದ ಮರಿಯಳಲ್ಲಿ ಮನುಷ್ಯನಾಗಿ ಹುಟ್ಟಿದನು, ಶಿಲುಬೆಯ ಮೇಲೆ ಸತ್ತನು, ಮೂರನೆಯ ದಿನ ಎದ್ದನು, ಸ್ವರ್ಗವನ್ನೇರಿದನು, ಜೀವಿಸುವವರಿಗೂ ಸತ್ತವರಿಗೂ ನ್ಯಾಯತೀರಿಸಲು ಮರಳಿ ಬರುವನು. ಇದು ಆ ಪ್ರಮಾಣದ ನಡುಭಾಗದ ತಾತ್ಪರ್ಯ. ಇದನ್ನು ಅವತಾರವೆಂದು ನಾವು ಸಹಜವಾಗಿ ಕರೆದುಬಿಡುತ್ತೇವೆ. ಆದರೆ ಪುರಾಣಗಳಲ್ಲಿ ಅವತಾರಗಳು ಅನೇಕ, ಕಾರ್ಯ ಮುಗಿದ ಮೇಲೆ ರೂಪವು ಉಪಸಂಹಾರವಾಗುತ್ತದೆ. ಕ್ರೈಸ್ತರ ನಂಬಿಕೆಯಲ್ಲಿ ಇದು ಒಂದೇ ಸಾರಿ ಆದುದು, ಮತ್ತು ತೊಟ್ಟ ಮನುಷ್ಯತ್ವವನ್ನು ಅವನು ಮತ್ತೆ ಕಳಚಲಿಲ್ಲ. ಅವನು ಪೂರ್ಣದೇವರೂ ಹೌದು, ಪೂರ್ಣಮನುಷ್ಯನೂ ಹೌದು. ಎರಡು ಸ್ವಭಾವಗಳು ಬೆರೆಯದೆ, ಬೇರ್ಪಡದೆ ಒಬ್ಬ ವ್ಯಕ್ತಿಯಲ್ಲಿವೆಯೆಂದು ೪೫೧ರ ಕಾಲ್ಕೆದಾನ್ ಪರಿಷತ್ತು ನಿರ್ಣಯಿಸಿತು.

ಇನ್ನೊಂದು ವಿಶೇಷವನ್ನು ಗಮನಿಸಬೇಕು. ದೇವರ ಮಹಿಮೆಯನ್ನು ಹೇಳುವ ಈ ಸಂಗ್ರಹದಲ್ಲಿ ಪೊಂತ್ಯ ಪಿಲಾತನೆಂಬ ಒಬ್ಬ ರೋಮನ್ ಅಧಿಕಾರಿಯ ಹೆಸರು ಸೇರಿದೆ. ಅವನು ಕ್ರಿ.ಶ. ೨೬ರಿಂದ ೩೬ರವರೆಗೆ ಯೂದಾಯ ಪ್ರಾಂತದ ಅಧಿಪತಿಯಾಗಿದ್ದವನು. ಮರಣದಂಡನೆ ವಿಧಿಸಿದ ಅಧಿಕಾರಿಯ ಹೆಸರನ್ನು ಪ್ರಾರ್ಥನೆಯಲ್ಲಿ ನೆನೆಯುವುದೇಕೆ? ಇದು ಎಂದೋ ಎಲ್ಲಿಯೋ ನಡೆದ ಕಥೆಯಲ್ಲ, ಇಂತಹವನ ಆಳಿಕೆಯಲ್ಲಿ ಇಂತಹ ನಾಡಿನಲ್ಲಿ ನಡೆದುದು ಎಂದು ಸಾರುವುದಕ್ಕಾಗಿ. ಆ ಘಟನೆಯು ನಡೆಯಲಿಲ್ಲವೆಂದಾದರೆ ತಮ್ಮ ಧರ್ಮವೇ ಇಲ್ಲವೆಂದು ಅವರು ಒಪ್ಪುತ್ತಾರೆ. ನಮಗೂ ಹನ್ನೆರಡನೆಯ ಶತಮಾನದ ಕಲ್ಯಾಣವು ಪವಿತ್ರವಾದುದು, ಬಿಜ್ಜಳನ ಆಳಿಕೆಯೂ ಚರಿತ್ರೆಯೇ. ಆದರೂ ಇಷ್ಟಲಿಂಗದ ತತ್ತ್ವವು ಒಂದು ತೇದಿಯ ಮೇಲೆ ನಿಂತುದಲ್ಲ. ಅದು ಇಂದು ಭಕ್ತನ ಅಂಗೈಯಲ್ಲಿ ಅನುಭಾವಕ್ಕೆ ಬರಬೇಕಾದುದು.

ಪಾಪ ಮತ್ತು ಕೃಪೆ

ಪಾಪವೆಂಬ ಶಬ್ದವು ಇಬ್ಬರಲ್ಲಿಯೂ ಇದೆ. ಅರ್ಥವು ಒಂದೇ ಅಲ್ಲ. ನಮ್ಮಲ್ಲಿ ಆಣವ, ಮಾಯೀಯ, ಕಾರ್ಮಿಕವೆಂಬ ಮಲಗಳು ಜೀವನನ್ನು ಮುಸುಕಿವೆ. ಕನ್ನಡಿಗೆ ಹಿಡಿದ ಮಸಿಯಂತೆ ಅವು ತೊಳೆಯಲ್ಪಡಬೇಕು. ಅವರಲ್ಲಿ ಪಾಪವು ಮೂಲತಃ ಸಂಬಂಧಭಂಗ. ಮಗನು ತಂದೆಯ ಮಾತನ್ನು ಮೀರಿ ಮನೆ ಬಿಟ್ಟು ಹೋದಂತೆ, ಮನುಷ್ಯಕುಲವೇ ದೇವರಿಗೆ ಬೆನ್ನು ತಿರುಗಿಸಿದೆ. ಹೀಗೆ ಕೆಟ್ಟ ಸಂಬಂಧವನ್ನು ಮನುಷ್ಯನು ತನ್ನ ಪುಣ್ಯಕಾರ್ಯಗಳಿಂದ ಸರಿಪಡಿಸಲಾರನು. ದೇವರೇ ಮುಂದಾಗಿ, ಕ್ರಿಸ್ತನ ಮರಣದಲ್ಲಿ ಆ ಭಾರವನ್ನು ತಾನು ಹೊತ್ತು, ಮನುಷ್ಯನನ್ನು ಕ್ಷಮಿಸಿ ಸೇರಿಸಿಕೊಂಡನು. ಇದು ಕೃಪೆ. ಅದನ್ನು ಸಂಪಾದಿಸಲಾಗದು, ನಂಬಿ ಸ್ವೀಕರಿಸಬೇಕು. ೧೫೧೭ರಿಂದ ಜರ್ಮನಿಯಲ್ಲಿ ಮಾರ್ಟಿನ್ ಲೂಥರನು ಎಬ್ಬಿಸಿದ ಸುಧಾರಣೆಯ ತಿರುಳು ಇದೇ. ಸತ್ಕಾರ್ಯಗಳು ಬೇಡವೆಂದು ಇದರ ಅರ್ಥವಲ್ಲ. ಮರವು ಒಳ್ಳೆಯದಾದರೆ ಹಣ್ಣು ತಾನೇ ಒಳ್ಳೆಯದಾಗುತ್ತದೆ. ಹಣ್ಣನ್ನು ಕಟ್ಟಿ ಮರವನ್ನು ಒಳ್ಳೆಯದು ಮಾಡಲಾಗದು ಎಂಬುದು ಅವರ ನಿಲವು.

ಗುರುಕಾರುಣ್ಯವಿಲ್ಲದೆ ಲಿಂಗವಿಲ್ಲ, ಶಿವಪ್ರಸಾದವಿಲ್ಲದೆ ಮುಕ್ತಿಯಿಲ್ಲ ಎನ್ನುವ ನಮಗೆ ಈ ಮಾತು ದೂರದ್ದಲ್ಲ. ತನ್ನ ಭಕ್ತಿಯನ್ನೇ ತಾನು ಹೇಳಿಕೊಳ್ಳುವವನನ್ನು ಶರಣರು ಎಷ್ಟು ಕಠೋರವಾಗಿ ಪರೀಕ್ಷಿಸಿದರೆಂಬುದನ್ನು ವಚನಗಳನ್ನು ಓದಿದವರು ಬಲ್ಲರು. ಸಾಮ್ಯವು ನಿಜವಾಗಿಯೂ ಇರುವ ಎಡೆ ಇದು. ಆದರೆ ಇಲ್ಲಿಯೂ ಒಂದು ಗೆರೆಯಿದೆ. ನಮ್ಮಲ್ಲಿ ಕೃಪೆಯು ಗುರುವಿನ ಹಸ್ತದಿಂದ ಶಿಷ್ಯನ ಮಸ್ತಕಕ್ಕೆ, ಪ್ರತಿಯೊಬ್ಬನಿಗೂ ಬೇರೆಬೇರೆಯಾಗಿ ಇಳಿದು, ಅವನೊಳಗೆ ಮೊದಲೇ ಇರುವ ಚೈತನ್ಯವನ್ನು ಎಬ್ಬಿಸುತ್ತದೆ. ಅವರಲ್ಲಿ ಅದು ಒಂದೇ ಶಿಲುಬೆಯಿಂದ ಎಲ್ಲರಿಗೂ ಹರಿಯುತ್ತದೆ, ಮತ್ತು ಇಲ್ಲದುದನ್ನು ಹೊಸದಾಗಿ ಕೊಡುತ್ತದೆ.

ಮರಣಾನಂತರ

ನಾವೂ ಹೂಳುತ್ತೇವೆ, ಅವರೂ ಹೂಳುತ್ತಾರೆ. ಇದನ್ನು ಕಂಡು ಎರಡೂ ಒಂದೇ ಸಂಪ್ರದಾಯವೆಂದವರನ್ನು ನಾನು ಕೇಳಿದ್ದೇನೆ. ಹೊರಗಿನ ಸಾಮ್ಯವು ಒಳಗಿನ ಭೇದವನ್ನು ಎಷ್ಟು ಮುಚ್ಚಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವಿಲ್ಲ. ನಾವು ಶರಣನನ್ನು ಕುಳ್ಳಿರಿಸಿ, ಕೈಯಲ್ಲಿ ಲಿಂಗವನ್ನಿರಿಸಿ, ವಿಭೂತಿಯಿಂದ ಮುಚ್ಚಿ ಕ್ರಿಯಾಸಮಾಧಿ ಮಾಡುತ್ತೇವೆ. ಅವನು ಲಿಂಗೈಕ್ಯನಾದವನು, ಕಾಯುವುದು ಏನೂ ಉಳಿದಿಲ್ಲ. ಅವರು ತಮ್ಮವನನ್ನು ಮಲಗಿಸುತ್ತಾರೆ. ನಿದ್ರಿಸುವವನಂತೆ ಅವನು ಕಾಯುತ್ತಿದ್ದಾನೆ. ಕ್ರಿಸ್ತನು ಎದ್ದಂತೆಯೇ ಕಡೆಯ ದಿನ ದೇವರು ಅವನನ್ನೂ ಎಬ್ಬಿಸುವನು. ದೇಹವು ಸೆರೆಮನೆಯಲ್ಲ, ಅದೂ ಉದ್ಧಾರವಾಗಬೇಕಾದುದು. ಅವರಲ್ಲಿ ಪುನರ್ಜನ್ಮವಿಲ್ಲ, ಬಾಳು ಒಂದೇ, ಬಳಿಕ ತೀರ್ಪು. ನಮ್ಮವರು ಕುಳಿತಿದ್ದಾರೆ, ಅವರವರು ಮಲಗಿದ್ದಾರೆ. ಈ ಎರಡು ಭಂಗಿಗಳಲ್ಲಿ ಎರಡು ಸಿದ್ಧಾಂತಗಳು ಅಡಗಿವೆ.

ಸಂಸ್ಕಾರಗಳು ಮತ್ತು ನಮ್ಮ ಮಕ್ಕಳು

ಪ್ರಭುಭೋಜನದಲ್ಲಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿ, ಕ್ರಿಸ್ತನ ಮರಣವನ್ನು ಸ್ಮರಿಸಿ, ಅವನೊಡನೆಯೂ ಪರಸ್ಪರರೊಡನೆಯೂ ಒಂದಾಗುತ್ತಾರೆ. ಕ್ರಿಸ್ತನು ಅಲ್ಲಿ ಹೇಗೆ ಇರುತ್ತಾನೆಂಬುದರಲ್ಲಿ ಕ್ರೈಸ್ತರೊಳಗೇ ಭಿನ್ನಾಭಿಪ್ರಾಯಗಳಿವೆ. ನಮ್ಮ ಪಾದೋದಕ ಪ್ರಸಾದಗಳನ್ನು ಇದಕ್ಕೆ ಹೋಲಿಸಬಹುದಾದರೂ, ಪ್ರಸಾದವು ಅರ್ಪಿಸಿ ಮರಳಿ ಪಡೆದ ಪದಾರ್ಥ. ಅದು ಉಣ್ಣುವ ಪ್ರತಿಯೊಂದು ತುತ್ತಿಗೂ ಸಂಬಂಧಿಸಿದುದು. ಪ್ರಭುಭೋಜನವು ಒಂದು ಬಲಿಯ ಸ್ಮರಣೆ.

ದೀಕ್ಷಾಸ್ನಾನವನ್ನು ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ನೀರಿನಿಂದ ಕೊಡುತ್ತಾರೆ. ಈ ಸಭೆಯಲ್ಲಿ ಶಿಶುಗಳಿಗೂ ಕೊಡುವ ವಾಡಿಕೆಯಿದೆ. ಕೂಸು ಏನನ್ನು ನಂಬೀತು ಎಂದು ನಾನು ಕೇಳಿದೆನು. ಹಿರಿಯರು, “ಕೂಸಿಗೆ ನಿಮ್ಮಲ್ಲಿ ಲಿಂಗ ಕಟ್ಟುವುದಿಲ್ಲವೆ?” ಎಂದು ಮರುಪ್ರಶ್ನೆ ಹಾಕಿದರು. ಬಳಿಕ ಅವರೇ ಮುಂದುವರಿದು, ಹುಡುಗರು ಬೆಳೆದ ಮೇಲೆ ತಿಂಗಳುಗಟ್ಟಲೆ ವಿಶ್ವಾಸಪ್ರಮಾಣದ ಪಾಠವನ್ನು ಕಲಿತು, ಸಭೆಯ ಮುಂದೆ ನಿಂತು, ತಂದೆತಾಯಿಗಳು ಅಂದು ತಮ್ಮ ಪರವಾಗಿ ಕೊಟ್ಟ ಮಾತನ್ನು ಈಗ ತಾವೇ ಕೊಡಬೇಕೆಂದೂ, ಬಿಷಪ್ಪರು ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವರೆಂದೂ, ಇದಕ್ಕೆ ದೃಢೀಕರಣವೆಂದು ಹೆಸರೆಂದೂ ವಿವರಿಸಿದರು. “ನಿಮ್ಮಲ್ಲಿ ಇದು ಹೇಗೆ?” ಎಂದು ವಿನಯದಿಂದ ಕೇಳಿದರು.

ನಮ್ಮಲ್ಲಿಯೂ ಉಂಟು. ಹುಟ್ಟಿದ ಕೂಸಿಗೆ ಲಿಂಗಧಾರಣೆ. ಎಂಟನೆಯ ವಯಸ್ಸಿನ ಸುಮಾರಿಗೆ ಗುರುವಿನಿಂದ ದೀಕ್ಷೆ, ಮಂತ್ರೋಪದೇಶ, ಪೂಜಾವಿಧಿಯ ಶಿಕ್ಷಣ. ಶಾಸ್ತ್ರದಲ್ಲಿ ಉಂಟು. ಆದರೆ ಆಚರಣೆಯಲ್ಲಿ? ನಾನು ಅವರಿಗೆ ಶಾಸ್ತ್ರದ ಮಾತನ್ನು ಹೇಳಿದೆನು. ದಾರಿಯುದ್ದಕ್ಕೂ ಆಚರಣೆಯ ಮಾತು ನನ್ನನ್ನು ಚುಚ್ಚುತ್ತ ಬಂದಿತು. ಮರುದಿನ ತರಗತಿಯಲ್ಲಿ ಅಷ್ಟಾವರಣಗಳನ್ನು ಹೇಳಿರೆಂದೆನು. ಹೆಸರುಗಳನ್ನು ಹೇಳಿದವರು ಕೆಲವರು. ಇಷ್ಟಲಿಂಗವನ್ನು ಕಟ್ಟಿಕೊಂಡಿರುವುದೇಕೆಂದು ತನ್ನ ಮಾತಿನಲ್ಲಿ ಹೇಳಿದವನು ಒಬ್ಬನೂ ಇಲ್ಲ. ಇಬ್ಬರ ಕೊರಳಲ್ಲಿ ಕರಡಿಗೆಯೇ ಇರಲಿಲ್ಲ. ಇದು ಹುಡುಗರ ದೋಷವೆನ್ನಲಾರೆನು. ಕಲಿಸಬೇಕಾಗಿದ್ದವನು ನಾನು.

ಐಕ್ಯದ ಪಾಠ

ಈ ಸಭೆಯಲ್ಲಿ ದೋಷಗಳಿಲ್ಲವೆಂದು ನಾನು ಹೇಳುತ್ತಿಲ್ಲ. ಜಾತಿಭೇದವು ತಮ್ಮಲ್ಲಿ ಇನ್ನೂ ಅಳಿದಿಲ್ಲವೆಂದು ಆ ಹಿರಿಯರೇ ಮರೆಮಾಚದೆ ಒಪ್ಪಿದರು. ಕುಲವನ್ನು ಕೇಳಬಾರದೆಂದು ಸಾರಿದ ಶರಣರ ಅನುಯಾಯಿಗಳಾದ ನಾವು ಮದುವೆಯ ಮಾತು ಬಂದಾಗ ಒಳಪಂಗಡವನ್ನು ಕೇಳುವವರೇ ಆದುದರಿಂದ, ಅವರ ಮೇಲೆ ಕಲ್ಲೆಸೆಯುವ ಅಧಿಕಾರವು ನಮಗಿಲ್ಲ. ಆದರೆ ಅವರು ಶತಮಾನಗಳ ಭೇದವನ್ನು ಇಪ್ಪತ್ತೆಂಟು ವರ್ಷ ಕುಳಿತು ಚರ್ಚಿಸಿ ಬಗೆಹರಿಸಿಕೊಂಡರು. ೨೦೧೩ರಲ್ಲಿ ನಂದ್ಯಾಲ ಪ್ರಾಂತಕ್ಕೆ ಪುಷ್ಪಲಲಿತಾ ಎಂಬ ಮಹಿಳೆಯನ್ನು ಬಿಷಪ್ಪರಾಗಿ ಅಭಿಷೇಕಿಸಿದರು. ಆ ಸಭೆಯಲ್ಲಿ ಅವರೇ ಮೊದಲಿಗರು. ಗುರುಪೀಠ, ವಿರಕ್ತಪೀಠಗಳೆಂದು ಇನ್ನೂ ವಾದಿಸುತ್ತಿರುವ ನಾವು, ಅಕ್ಕಮಹಾದೇವಿಯನ್ನು ಸಭೆಯಲ್ಲಿ ಕೊಂಡಾಡಿ ಪೀಠದ ಮಾತು ಬಂದಾಗ ಮೌನವಹಿಸುವ ನಾವು, ಇದನ್ನು ವಿಚಾರಿಸಬೇಕಾಗಿದೆ.

ಇನ್ನೊಂದು ಋಣವೂ ನಮ್ಮ ಮೇಲಿದೆ. ೧೮೪೩ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದ ಮೋಗ್ಲಿಂಗರು ಬಸವಪುರಾಣವೇ ಮೊದಲಾದ ಕನ್ನಡ ಕಾವ್ಯಗಳನ್ನು ಅಚ್ಚಿಗೆ ತಂದರು. ವೂರ್ಥರು ಅದೇ ಪುರಾಣದ ಸಾರವನ್ನು ಇಂಗ್ಲಿಷಿನಲ್ಲಿ ಬರೆದರು. ೧೮೯೪ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟನ್ನು ತೆರೆಯದ ಕನ್ನಡ ಪಂಡಿತನಿಲ್ಲ. ಅವರು ಮತಪ್ರಚಾರಕ್ಕಾಗಿಯೇ ಬಂದವರು, ನಮ್ಮ ಧರ್ಮವನ್ನು ಟೀಕಿಸಿದವರು, ಇದನ್ನು ಮರೆಯಬೇಕಾಗಿಲ್ಲ. ಆದರೆ ಟೀಕಿಸುವ ಮೊದಲು ನಮ್ಮ ತಾಳೆಯೋಲೆಗಳನ್ನು ಓದಿದರು. ಅವರ ಸತ್ಯವೇದವು ೧೮೩೧ರಲ್ಲಿಯೇ ಸಂಪೂರ್ಣವಾಗಿ ಕನ್ನಡದಲ್ಲಿ ಬಂದಿದೆ. ಅದನ್ನು ಓದಿ ಒಪ್ಪಿದವರಾಗಲಿ, ಓದಿ ಒಪ್ಪದವರಾಗಲಿ ನಮ್ಮ ಪಾಠಶಾಲೆಗಳಲ್ಲಿ ಎಷ್ಟು ಜನರಿದ್ದಾರೆ?

ವಿದ್ಯಾರ್ಥಿಗೆ ಕೊಟ್ಟ ಉತ್ತರ

ಮೂರು ವಾರಗಳ ಮೇಲೆ ತರಗತಿಯಲ್ಲಿ ಆ ಹುಡುಗನನ್ನು ಎಬ್ಬಿಸಿ ಹೀಗೆಂದೆನು: “ತಮ್ಮಾ, ಅದೂ ಇದೂ ಒಂದಲ್ಲ. ಅವರು ದೇವರೊಳಗಿನ ಪ್ರೀತಿಯನ್ನು ಹೇಳಲು ಮೂರು ಎಂದರು. ನಾವು ದೇವರು ನಮ್ಮೆಡೆಗೆ ಬರುವ ದಾರಿಯನ್ನು ಹೇಳಲು ಮೂರು ಎಂದೆವು. ಅವರು ಕೃಪೆಯನ್ನು ನಂಬುವವರು, ನಾವೂ ಕೃಪೆಯನ್ನು ನಂಬುವವರು, ಅಷ್ಟರಮಟ್ಟಿಗೆ ನೆರೆಹೊರೆಯವರು. ಅವರ ಮನೆಯನ್ನು ನಮ್ಮ ಮನೆಯೆಂದು ಹೇಳುವುದೂ ಬೇಡ, ಅದಕ್ಕೆ ಕಲ್ಲೆಸೆಯುವುದೂ ಬೇಡ. ಕರೆದಾಗ ಹೋಗಿ ಕುಳಿತು, ಕೇಳಿ ಬರೋಣ.” ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಗುರುಗಳೆ, ಅವರು ನಮ್ಮ ಮನೆಗೆ ಬಂದು ಕೇಳಿದರೆ ನಾವು ಏನು ಹೇಳುವುದು?” ಎಂದನು.

ಈ ಪ್ರಶ್ನೆಯು ಮೊದಲಿನದಕ್ಕಿಂತ ದೊಡ್ಡದು. ಅದರ ಉತ್ತರಕ್ಕಾಗಿ ಈಗ ನಮ್ಮ ಪಾಠಶಾಲೆಯಲ್ಲಿ ಪ್ರತಿ ಸೋಮವಾರ ಸಂಜೆ, ದೀಕ್ಷೆಗೆ ಸಿದ್ಧರಾಗುವ ಮಕ್ಕಳಿಗೂ ದೀಕ್ಷೆಯಾಗಿಯೂ ಅರಿಯದ ದೊಡ್ಡವರಿಗೂ ಅಷ್ಟಾವರಣ, ಪಂಚಾಚಾರ, ಷಟ್‌ಸ್ಥಲಗಳ ಪಾಠವನ್ನು ಮೊದಲಿನಿಂದ ಆರಂಭಿಸಿದ್ದೇವೆ. ಪ್ರತಿಯೊಬ್ಬನೂ ಕೊನೆಯಲ್ಲಿ ಎದ್ದುನಿಂತು, ತಾನು ಲಿಂಗವನ್ನು ಧರಿಸಿರುವುದೇಕೆಂದು ತನ್ನ ಸ್ವಂತ ಮಾತಿನಲ್ಲಿ ಹೇಳಬೇಕು. ಇತರ ಊರುಗಳ ಮಠಗಳಲ್ಲಿಯೂ ಇಂತಹ ಪಾಠಗಳು ನಡೆಯಲೆಂದು ಹಾರೈಸುತ್ತೇನೆ.